ಟೆಸ್ಲಾ ಕಾಯಿಲ್‌ಗೆ ಡಿಸಿ: ರೆಸಿಸ್ಟರೋ, ಚೋಕೋ?

ಟೆಸ್ಲಾ ಕಾಯಿಲ್ ಎಂದರೆ ಅತಿ ಹೆಚ್ಚು ವೋಲ್ಟೇಜ್ ಹುಟ್ಟಿಸಿ ಗಾಳಿಯಲ್ಲಿ ಉದ್ದ ಕಿಡಿ ಹಾರಿಸುವ ಸಾಧನ. ನನ್ನದರಲ್ಲಿ ಅದೇ ಪ್ರೈಮರಿ, ಅದೇ ಸೆಕೆಂಡರಿ ಸುರುಳಿ, ಪ್ರತಿ ಸಿಡಿತದ ಶಕ್ತಿ ಕೂಡಿಡುವ ಅದೇ 50 ನ್ಯಾನೋಫ್ಯಾರಡ್ ಟ್ಯಾಂಕ್ ಕೆಪಾಸಿಟರ್. ನಾನು ಬದಲಾಯಿಸಿದ್ದು ಕೆಪಾಸಿಟರ್‌ಗೆ ಚಾರ್ಜ್ ತುಂಬುವ ದಾರಿಯನ್ನಷ್ಟೇ: ಮೊದಲು ನೇರ ಎಸಿ, ಆಮೇಲೆ ಡಿಸಿ ಮತ್ತು ರೆಸಿಸ್ಟರ್, ಕೊನೆಗೆ ಡಿಸಿ ಮತ್ತು ಚೋಕ್ (ಕರೆಂಟ್ ದಿಢೀರನೆ ಬದಲಾಗದಂತೆ ತಡೆಯುವ ಸುರುಳಿ).

ಎಸಿ ಸುಲಭ. ಟ್ರಾನ್ಸ್‌ಫಾರ್ಮರ್, ಕರೆಂಟ್ ಮಿತಿಯಲ್ಲಿಡುವ ಬ್ಯಾಲಾಸ್ಟ್, ರೋಟರಿ ಗ್ಯಾಪ್ (ತಿರುಗುವ ಡಿಸ್ಕಿನಿಂದ ಕಿಡಿ ಹಾರಿಸಿ ಕೆಪಾಸಿಟರ್ ಖಾಲಿ ಮಾಡುವ ಸ್ವಿಚ್) ಇದ್ದರೆ ಕೆಲಸ ಶುರು. ಆದರೆ ಮೇನ್ಸಿನ 50 ಹರ್ಟ್ಸ್‌ನ ಹಿಂದೆ ಹೋಗಬೇಕು, ಸೆಕೆಂಡಿಗೆ 100 ಸಿಡಿತ. ಡಿಸ್ಕಿನ ವೇಗ ತುಸು ಬದಲಿಸಿದೆ. ಗ್ಯಾಪ್ ಒಮ್ಮೆ ಅಲೆಯ ತುದಿಯಲ್ಲಿ, ಒಮ್ಮೆ ಸೊನ್ನೆಯ ಹತ್ತಿರ ಸೇರತೊಡಗಿತು. ಒಂದು ಕಿಡಿ ಉದ್ದ, ಮುಂದಿನದು ಮೋಟು. ಸದ್ದು ಮುಗ್ಗರಿಸುವುದು ಕಿವಿಗೇ ಗೊತ್ತಾಗುತ್ತಿತ್ತು.

ರೆಸಿಸ್ಟರ್ ದೊಡ್ಡ ಕಾಯಿಲ್‌ಗೆ ಆಗದ ಮಾತು. ಎಷ್ಟೇ ಓಂ ಹಾಕಿ, ಖಾಲಿ ಕೆಪಾಸಿಟರ್‌ನಲ್ಲಿ ಕೂರುವಷ್ಟೇ ಶಕ್ತಿ ರೆಸಿಸ್ಟರ್‌ನಲ್ಲಿ ಬಿಸಿಯಾಗಿ ಹೋಗುತ್ತದೆ. ಅರ್ಧಕ್ಕರ್ಧ ನಷ್ಟ.

ನನ್ನ ಮನಸ್ಸು ಗೆದ್ದದ್ದು ಚೋಕ್. 10 ಹೆನ್ರಿ ಚೋಕ್, ಅದರ ಜೊತೆ ಸರಣಿಯಲ್ಲಿ ಡಯೋಡ್ ಸಾಲು. ಸಪ್ಲೈ 10 ಕಿಲೋವೋಲ್ಟ್ ಇದ್ದರೆ ಅನುರಣನದಿಂದ ಕೆಪಾಸಿಟರ್ ಹೆಚ್ಚುಕಡಿಮೆ 20ಕ್ಕೆ ಏರುತ್ತದೆ. ಹಿಂದಕ್ಕೆ ಹರಿಯದಂತೆ ಡಯೋಡ್ ತಡೆಯುತ್ತದೆ. ಸಿಡಿತಕ್ಕೆ 10 ಜೂಲ್. ತುಂಬಲು ಸುಮಾರು 2.2 ಮಿಲಿಸೆಕೆಂಡ್ ಸಾಕು, ಹಾಗಾಗಿ ಸೆಕೆಂಡಿಗೆ 450ರೊಳಗೆ ಯಾವ ವೇಗವಾದರೂ ಸರಿ. 200ರಲ್ಲಿ 2 ಕಿಲೋವಾಟ್. ಡಿಸ್ಕಿನ ವೇಗ ನಿಧಾನವಾಗಿ ಏರಿಸುತ್ತಾ ಹೋದರೆ ಬಿಡಿಬಿಡಿ ಟಪ್‌ಟಪ್ ಒಂದೇ ಗುಂಯ್‌ಗುಡುವಿಕೆಯಾಗುತ್ತದೆ, ಕಿಡಿ ಕಣ್ಣೆದುರೇ ದಪ್ಪವಾಗುತ್ತದೆ. ಎಂಥ ಖುಷಿ!

ಒಂದು ಏಟು ಮಾತ್ರ ತಿಂದೆ. ವೋಲ್ಟೇಜ್ ಮಿತಿ ಮೀರಿದರೆ ತಾನೇ ಹಾರಿ ಕೆಪಾಸಿಟರ್ ಕಾಯುವ ಸೇಫ್ಟಿ ಗ್ಯಾಪ್ ಆಗಾಗ ಹಾರತೊಡಗಿತು, ಏಕೆಂದು ಎರಡು ಸಂಜೆ ತಲೆಕೆಡಿಸಿಕೊಂಡೆ. ರೋಟರಿ ಗ್ಯಾಪಿನ ಕಿಡಿ ಆರಿದಾಗ ಟ್ಯಾಂಕ್ ಕೆಪಾಸಿಟರ್‌ನಲ್ಲಿ ಉಲ್ಟಾ ಚಾರ್ಜ್ ಉಳಿಯುತ್ತಿತ್ತು. ಮೈನಸ್ 4 ಕಿಲೋವೋಲ್ಟ್ ಉಳಿದರೆ ಮುಂದಿನ ಏರಿಕೆ 20 ಅಲ್ಲ, 24! ಅಲ್ಲಿಂದಾಚೆಗೆ ಕೆಪಾಸಿಟರ್, ಡಯೋಡ್ ಎರಡಕ್ಕೂ ಧಾರಾಳ ಅಂತರ ಬಿಟ್ಟಿದ್ದೇನೆ.

ಚೋಕಿನ ಇನ್ನೊಂದು ಉಪಕಾರ: ಗ್ಯಾಪ್ ಆರದೆ ಉಳಿದರೂ ಕರೆಂಟ್ ಮಿಲಿಸೆಕೆಂಡಿಗೆ 1 ಆಂಪಿಯರ್‌ನಂತಷ್ಟೇ ಏರುತ್ತದೆ, ಬ್ರೇಕರ್‌ಗೆ ಸಮಯ ಸಿಗುತ್ತದೆ. ಮೂರು ಫೇಸ್ ಸಿಕ್ಕರಂತೂ ಬಿಡಬೇಡಿ. ಎಸಿಯನ್ನು ಡಿಸಿ ಮಾಡುವ ರೆಕ್ಟಿಫೈಯರ್‌ನಿಂದ ಬರುವ ಡಿಸಿಯೇ ಬಹುಪಾಲು ನಯವಾಗಿರುತ್ತದೆ, ಏರಿಳಿತ ತಗ್ಗಿಸುವ ಫಿಲ್ಟರ್ ಕೆಪಾಸಿಟರ್ ಚಿಕ್ಕದಾದರೂ ನಡೆಯುತ್ತದೆ.

ನನ್ನದು ಒಂದೇ ಫೇಸ್, ಫಿಲ್ಟರ್ 1 ಮೈಕ್ರೋಫ್ಯಾರಡ್. ಅದರಲ್ಲಿ 50 ಜೂಲ್ ಕೂತಿರುತ್ತದೆ. ಮೇನ್ಸ್ ಆಫ್ ಮಾಡಿದ ಮೇಲೂ ಪ್ರಾಣ ತೆಗೆಯಬಲ್ಲದು. ಉಳಿದ ಚಾರ್ಜನ್ನು ಮೆಲ್ಲಗೆ ಇಳಿಸುವ ಬ್ಲೀಡರ್ ರೆಸಿಸ್ಟರ್ ಕಾಯಂ ಜೋಡಿಸಿದ್ದೇನೆ, ಆದರೂ ಗ್ರೌಂಡ್ ಕೋಲಿನಿಂದ ಎರಡೂ ತುದಿ ಶಾರ್ಟ್ ಮಾಡಿ, ಕೋಲನ್ನು ಅಲ್ಲೇ ನೇತುಹಾಕಿದ ಮೇಲಷ್ಟೇ ಒಳಗೆ ಕೈ ಹಾಕುತ್ತೇನೆ.