ಕಾರಿನ ಸೆಲ್ಫ್ ಬೋಟಿಗೆ ಕೂರುತ್ತದೆ, ಆದರೂ ಹಾಕಬೇಡಿ

ಮಳೆಗಾಲ ಮುಗಿದು ಪ್ರವಾಸಿಗರು ಬರತೊಡಗಿದ ದಿನಗಳಲ್ಲಿ ಕಾರವಾರದ ಕಡೆಯ ಒಂದು ಪೆಟ್ರೋಲ್ ಬೋಟಿಗೆ ಬೆಂಕಿ ಬಿತ್ತು. ಒಳಗೇ ಇಂಜಿನ್ ಕೂರಿಸಿದ, ನಾಲ್ಕು ಸಿಲಿಂಡರಿನ ಬೋಟು. ಉಪ್ಪುಗಾಳಿಗೆ ಅದರ ಸೆಲ್ಫ್ ಮೋಟಾರ್, ಅಂದರೆ ಚಾವಿ ತಿರುಗಿಸಿದಾಗ ಇಂಜಿನ್ನನ್ನು ಚಾಲೂ ಮಾಡುವ ಮೋಟಾರ್, ಕೆಟ್ಟಿತ್ತು. ಬೋಟಿನದೇ ಸೆಲ್ಫ್ ತರಿಸಲು ದುಡ್ಡೂ ಹೆಚ್ಚು, ದಿನವೂ ಹೆಚ್ಚು ಎಂದು ಗುಜರಿಯಿಂದ ಕಾರಿನದನ್ನು ತಂದು ಹಾಕಿದರು. ಬೋಲ್ಟಿನ ತೂತು ಸರಿ, ಪಿನಿಯನ್ನಿನ (ಸೆಲ್ಫಿನ ತುದಿಯ ಹಲ್ಲುಚಕ್ರದ) ಹಲ್ಲಿನ ಲೆಕ್ಕ ಸರಿ, ತಿರುಗುವ ದಿಕ್ಕೂ ಸರಿ. ಮೂರು ವಾರ ಒಂದೇ ಚಾವಿಗೆ ಇಂಜಿನ್ ಚಾಲೂ ಆಯಿತು. ಆಮೇಲೊಂದು ಬೆಳಿಗ್ಗೆ ಪೆಟ್ರೋಲ್ ತುಂಬಿಸಿ ಚಾವಿ ತಿರುಗಿಸಿದ್ದೇ ತಡ, ಧಡ್ ಎಂದು ಇಂಜಿನ್ ಪೆಟ್ಟಿಗೆಯ ಮುಚ್ಚಳ ಹಾರಿತು. ಪ್ರಯಾಣಿಕರು ಇನ್ನೂ ಹತ್ತಿರಲಿಲ್ಲ. ಡ್ರೈವರನ ಎರಡೂ ಮುಂಗೈ ಸುಟ್ಟವು.

ಇಂಜಿನ್ ಬಿಚ್ಚಿದಾಗ ಇನ್ನೊಂದು ತಪ್ಪೂ ಸಿಕ್ಕಿತು. ಅದರ ಎಸಿ ಪಂಪ್, ಅಂದರೆ ಟ್ಯಾಂಕಿನಿಂದ ಇಂಜಿನ್ನಿಗೆ ಪೆಟ್ರೋಲ್ ಎಳೆಯುವ ಪಂಪ್, ಕೂಡ ಕಾರಿನದೇ. ಕಾರಿನ ಎಸಿ ಪಂಪಿಗೆ ಒಂದೇ ಡಯಾಫ್ರಮ್ (ಮೇಲೆ ಕೆಳಗೆ ಆಡಿ ಪೆಟ್ರೋಲ್ ಎಳೆಯುವ ಪೊರೆ). ಅದು ಹರಿದರೆ ಪಂಪಿನ ಮೈಯಲ್ಲಿರುವ ಸಣ್ಣ ತೂತಿನಿಂದ ಪೆಟ್ರೋಲ್ ತೊಟ್ಟಿಕ್ಕುತ್ತದೆ. ಕಾರಿನಲ್ಲಿ ಆ ತೊಟ್ಟು ರಸ್ತೆಗೆ ಬೀಳುತ್ತದೆ, ಆವಿ ಗಾಳಿಗೆ ಹೋಗುತ್ತದೆ. ಬೋಟಿನ ತಳದಲ್ಲಿ ಹೊರಗೆ ಹೋಗಲು ದಾರಿಯೆಲ್ಲಿದೆ? ಪೆಟ್ರೋಲ್ ಆವಿ ಗಾಳಿಗಿಂತ ಭಾರ, ಹಾಗಾಗಿ ತಳದಲ್ಲೇ ನೀರಿನಂತೆ ನಿಲ್ಲುತ್ತದೆ. ಗಾಳಿಯಲ್ಲಿ ನೂರಕ್ಕೆ ಒಂದೂವರೆ ಭಾಗದಷ್ಟು ಆವಿ ಬೆರೆತರೂ ಸಾಕು, ಒಂದು ಕಿಡಿಗೆ ಹೊತ್ತಿಕೊಳ್ಳುತ್ತದೆ.

ಕಿಡಿ ಕೊಟ್ಟದ್ದು ಸೆಲ್ಫ್. ಯಾವ ಸೆಲ್ಫ್ ತಿರುಗಿದರೂ ಕಾರ್ಬನ್ ಬ್ರಷ್ ಕಾಮ್ಯುಟೇಟರಿಗೆ (ತಿರುಗುವ ತಾಮ್ರದ ಉರುಳೆಗೆ) ಉಜ್ಜುವಲ್ಲಿ ಕಿಡಿ ಹಾರುತ್ತದೆ, ಸೆಲ್ಫಿಗೆ ಕರೆಂಟ್ ಬಿಡುವ ಸ್ವಿಚ್ ಆದ ಸೊಲೆನಾಯ್ಡಿನ ಒಳಗಿನ ತಾಮ್ರದ ಸಂಪರ್ಕದಲ್ಲೂ ಹಾರುತ್ತದೆ. ಕಾರಿನ ಸೆಲ್ಫಿನಲ್ಲಿ ನೀರು ಹೊರಹೋಗಲೆಂದು ಸಂದು ಬಿಟ್ಟಿರುತ್ತಾರೆ, ಆವಿ ಅದೇ ಸಂದಿನಿಂದ ಒಳಗೆ ಬರುತ್ತದೆ. ಬೋಟಿನ ಸೆಲ್ಫಿನಲ್ಲಿ ಈ ಜೋಡಣೆಗಳೆಲ್ಲ ರಬ್ಬರ್ ರಿಂಗ್ ಹಾಕಿ ಬಿಗಿದಿರುತ್ತವೆ. ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ಬೋಟಿನದಾದರೆ ಅದರ ಗಾಳಿಕಿಂಡಿಗೆ ಸೊಳ್ಳೆಪರದೆಗಿಂತ ಸಣ್ಣ ಕಣ್ಣಿನ ಲೋಹದ ಜಾಲರಿ ಹಾಕಿರುತ್ತಾರೆ. ಒಳಗೆ ಹೊತ್ತಿಕೊಂಡರೂ ಜ್ವಾಲೆ ಹೊರಗೆ ಬರುವುದಿಲ್ಲ. ಕೊಳ್ಳುವಾಗ ಮೈಮೇಲಿನ ಪಟ್ಟಿ ಓದಿ: ‘ಇಗ್ನಿಷನ್ ಪ್ರೊಟೆಕ್ಟೆಡ್’ (ಒಳಗಿನ ಕಿಡಿ ಹೊರಗಿನ ಆವಿಗೆ ಬೆಂಕಿ ಹಚ್ಚದು ಎಂದರ್ಥ), ಅಥವಾ ಅದೇ ಗುಣಮಟ್ಟದ ಗುರುತಾದ ಎಸ್‌ಎಇ ಜೆ1171, ಅಥವಾ ಐಎಸ್‌ಒ 8846 ಎಂದಿರಬೇಕು. ಪಟ್ಟಿಯೇ ಇಲ್ಲದ್ದನ್ನು ‘ಅದೇ ಮಾಲು’ ಎಂದು ಅಂಗಡಿಯವರು ಎಷ್ಟು ಹೇಳಿದರೂ ತರಬೇಡಿ. ಸ್ಪಾರ್ಕ್ ಪ್ಲಗ್ಗುಗಳಿಗೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರಿಗೂ ತಳದ ಗಾಳಿ ಹೊರಹಾಕುವ ಬ್ಲೋವರಿಗೂ ಇದೇ ಮಾತು.

ಪೆಟ್ರೋಲ್ ಬೋಟಿನ ಎಸಿ ಪಂಪಿಗೆ ಎರಡು ಡಯಾಫ್ರಮ್ ಇರುತ್ತವೆ, ನಡುವಿನಿಂದ ಒಂದು ಪಾರದರ್ಶಕ ಸಣ್ಣ ಟ್ಯೂಬ್ ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬುರೇಟರಿಗೆ ಹೋಗುತ್ತದೆ. ಆ ಟ್ಯೂಬಿನಲ್ಲಿ ಪೆಟ್ರೋಲ್ ಕಂಡರೆ ಮೊದಲನೇ ಡಯಾಫ್ರಮ್ ಹರಿದಿದೆ ಎಂದರ್ಥ. ಅವತ್ತೇ ಪಂಪ್ ಬದಲಿಸಿ. ಕಾರಿನ ಏರ್ ಫಿಲ್ಟರನ್ನೂ ಹಾಕಬಾರದು, ಇಂಜಿನ್ ಹಿಂದಕ್ಕೆ ಹೊಡೆದಾಗ (ಬ್ಯಾಕ್‌ಫೈರ್ ಆದಾಗ) ಬರುವ ಜ್ವಾಲೆಯನ್ನು ತಡೆಯುವ ಲೋಹದ ಫ್ಲೇಮ್ ಅರೆಸ್ಟರ್ ಅಲ್ಲಿರಬೇಕು.

ನಮ್ಮದು ಡೀಸೆಲ್ ಬೋಟು, ಇದೆಲ್ಲ ನಮಗಲ್ಲ ಎನ್ನುವ ತಾಂಡೇಲರು (ಮೀನುಗಾರಿಕೆ ಬೋಟು ನಡೆಸುವವರು) ಬೈತಖೋಲ ಬಂದರಿನಲ್ಲೂ ತದಡಿ ಬಂದರಿನಲ್ಲೂ ಇದ್ದಾರೆ. ಡೀಸೆಲ್ ಅಷ್ಟು ಸುಲಭಕ್ಕೆ ಹೊತ್ತುವುದಿಲ್ಲ, ಅದು ನಿಜ. ಆದರೆ ಅನ್ನ ಬೇಯಿಸುವ ಗ್ಯಾಸ್ ಸಿಲಿಂಡರ್ ಎಲ್ಲಿದೆ? ಅಡುಗೆ ಗ್ಯಾಸೂ ಗಾಳಿಗಿಂತ ಭಾರ. ಕ್ಯಾಬಿನ್ನಿನಲ್ಲಿ ಟ್ಯೂಬ್ ಸೀಳಿದರೆ ಹಲಗೆ ಸಂದಿನಿಂದ ಇಳಿದು ಇಂಜಿನ್ ಕೋಣೆಯಲ್ಲೇ ಕೂರುತ್ತದೆ, ಬೆಳಗಿನ ಜಾವ ಸೆಲ್ಫ್ ಹೊಡೆಯುವವರೆಗೆ ಕಾಯುತ್ತದೆ. ಸಿಲಿಂಡರ್ ಡೆಕ್ಕಿನ ಮೇಲೆ, ಗಾಳಿಗೆ ತೆರೆದ ಜಾಗದಲ್ಲಿರಲಿ. ಒಲೆ ಆರಿಸಿದ ಮೇಲೆ ಸಿಲಿಂಡರಿನ ವಾಲ್ವನ್ನೇ ಮುಚ್ಚಬೇಕು.

ಡೀಸೆಲ್ ಬೋಟುಗಳನ್ನು ಹೆಚ್ಚು ಕಾಡುವುದು ಉಪ್ಪುನೀರು. ಲಾರಿ ಇಂಜಿನ್ನಿನ ಕೋರ್ ಪ್ಲಗ್ (ಬ್ಲಾಕಿನ ನೀರಿನ ದಾರಿಯ ತೂತು ಮುಚ್ಚುವ ಬಿಲ್ಲೆ) ಉಕ್ಕಿನದು. ನೇರ ಸಮುದ್ರದ ನೀರು ಹರಿಯುವ ಬ್ಲಾಕಿಗೆ ಅದನ್ನು ಬಡಿದರೆ ಒಳಗಿನಿಂದಲೇ ತಿಂದುಹೋಗುತ್ತದೆ, ಹೊರಗೆ ಬಣ್ಣ ಮಾತ್ರ ಉಳಿದಿರುತ್ತದೆ. ಹಿತ್ತಾಳೆಯದನ್ನೇ ಕೇಳಿ. ಬಿಸಿಗೆ ತಕ್ಕಂತೆ ನೀರಿನ ದಾರಿ ತೆರೆಯುವ ಥರ್ಮೋಸ್ಟಾಟ್ ವಿಷಯದಲ್ಲಿ ಬಹಳ ಜನ ಎಡವುತ್ತಾರೆ. ಕಾರು, ಲಾರಿಯದು ಸುಮಾರು 82 ಡಿಗ್ರಿಗೆ ತೆರೆಯುತ್ತದೆ. ಸಮುದ್ರದ ನೀರಿನಿಂದಲೇ ತಣಿಯುವ ಇಂಜಿನ್ನಿಗೆ 60 ಡಿಗ್ರಿಯ ಆಸುಪಾಸಿನದು ಬೇಕು. ಅದಕ್ಕಿಂತ ಬಿಸಿಯಾದಷ್ಟೂ ನೀರಿನ ದಾರಿಯಲ್ಲಿ ಬಿಳಿ ಉಪ್ಪಿನ ಪದರ ಕಟ್ಟಿಕೊಳ್ಳುತ್ತದೆ, ಆಮೇಲೆ ಇಂಜಿನ್ನಿನ ಹೆಡ್ ಬಿರಿಯುತ್ತದೆ. ಒಳಗೆ ಕೂಲೆಂಟ್ ಸುತ್ತುವ, ಆ ಕೂಲೆಂಟನ್ನು ಸಮುದ್ರದ ನೀರಿನಿಂದ ತಣಿಸುವ ಹೀಟ್ ಎಕ್ಸ್‌ಚೇಂಜರ್ ಇರುವ ಇಂಜಿನ್ ಆದರೆ ಕಂಪನಿ ಹೇಳಿದ ಥರ್ಮೋಸ್ಟಾಟನ್ನೇ ಹಾಕಿ.

ರೇಡಿಯೇಟರ್ ಹೋಸ್ ಅಗ್ಗ, ಆದರೆ ಸಮುದ್ರದ ನೀರೆಳೆಯುವ ಕಡೆ ಹಾಕಿದರೆ ಎಳೆತಕ್ಕೆ ಚಪ್ಪಟೆಯಾಗಿ ನೀರು ನಿಂತುಹೋಗುತ್ತದೆ. ಒಣಗಿದ ಪಂಪಿನ ರಬ್ಬರ್ ಇಂಪೆಲ್ಲರ್ (ನೀರು ತಳ್ಳುವ ರೆಕ್ಕೆಚಕ್ರ) ಒಂದೆರಡು ನಿಮಿಷದಲ್ಲೇ ಸುಡುತ್ತದೆ. ಒಳಗೆ ತಂತಿ ಸುತ್ತಿದ ಹೋಸ್ ಹಾಕಿ, ನೀರಿನ ಮಟ್ಟದ ಕೆಳಗಿನ ಪ್ರತಿ ತುದಿಗೂ ಎರಡೆರಡು ಕ್ಲಿಪ್ ಬಿಗಿಯಿರಿ. ಕ್ಲಿಪ್ ಕೊಳ್ಳುವಾಗ ಜೇಬಿನಲ್ಲಿ ಅಯಸ್ಕಾಂತ ಇರಲಿ. ಪಟ್ಟಿ ಸ್ಟೇನ್‌ಲೆಸ್ ಸ್ಟೀಲಿನದಾದರೂ ಸ್ಕ್ರೂ ಕಳಪೆಯದಿರಬಹುದು. ಸ್ಕ್ರೂಗೆ ಅಯಸ್ಕಾಂತ ಗಟ್ಟಿಯಾಗಿ ಅಂಟಿದರೆ ಅದನ್ನು ಬಿಡಿ.

ಕಾರು, ಲಾರಿಯ ಎಲ್ಲ ಸಾಮಾನೂ ನಿಷಿದ್ಧವಲ್ಲ. ಪಾರ್ಟ್ ನಂಬರ್ ಒಂದೇ ಇದ್ದರೆ ಬೇರಿಂಗ್, ವಾಲ್ವ್, ಆಯಿಲ್ ಫಿಲ್ಟರ್, ಬೆಲ್ಟ್ ಹಾಕಬಹುದು. ಪಿಸ್ಟನ್ ಮತ್ತು ಡೀಸೆಲ್ ಸಿಂಪಡಿಸುವ ನಾಝಲ್ ಮಾತ್ರ ಕಣ್ಣಳತೆಯಲ್ಲಿ ತೆಗೆದುಕೊಳ್ಳಬೇಡಿ. ಕಾರು ಇಳಿಜಾರಿನಲ್ಲಾದರೂ ಉಸಿರು ಬಿಡುತ್ತದೆ, ಬೋಟಿನ ಇಂಜಿನ್ ಗಂಟೆಗಟ್ಟಲೆ ಭಾರ ಹೊತ್ತೇ ಓಡಬೇಕು.

ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ನಿಷೇಧದಲ್ಲಿ ಬೋಟು ದಡದಲ್ಲಿರುವಾಗಲೇ ಹಿಂದೆ ಯಾರು ಏನು ಹಾಕಿದ್ದಾರೆಂದು ಒಂದೊಂದಾಗಿ ನೋಡಿ. ಪೆಟ್ರೋಲ್ ಬೋಟಾದರೆ ತುಂಬಿಸಿದ ಮೇಲೆ ಇಂಜಿನ್ ಪೆಟ್ಟಿಗೆ ತೆರೆದು, ತಳಕ್ಕೆ ಮೂಗು ತಂದು ವಾಸನೆ ನೋಡಿ. ಬ್ಲೋವರ್ ಕನಿಷ್ಠ 4 ನಿಮಿಷ ಓಡಿದ ಮೇಲೆಯೇ ಚಾವಿ. ವಾಸನೆ ಇದ್ದರೆ ಬ್ಲೋವರಿನ ಸ್ವಿಚ್ಚನ್ನೂ ಮುಟ್ಟದೆ ಜನರನ್ನು ಇಳಿಸಿ.

ಬೆಂಕಿ ಬಿದ್ದೇಬಿಟ್ಟರೆ ಪೆಟ್ಟಿಗೆಯ ಮುಚ್ಚಳ ಎತ್ತಬೇಡಿ, ಗಾಳಿ ಸಿಕ್ಕಿದೊಡನೆ ಜ್ವಾಲೆ ಮುಖಕ್ಕೇ ಬರುತ್ತದೆ. ಪೆಟ್ರೋಲ್ ಕಾಕ್ ಹೊರಗಿನಿಂದ ಮುಚ್ಚಲು ಬರುವಂತಿರಲಿ. ಮುಚ್ಚಳದಲ್ಲಿ ಬೆಂಕಿ ಆರಿಸುವ ಪೌಡರ್ ಸಿಲಿಂಡರಿನ ಮೂತಿ ಹಿಡಿಸುವಷ್ಟು ಒಂದು ತೂತು ಈಗಲೇ ಕೊರೆಸಿ, ಅದಕ್ಕೊಂದು ರಬ್ಬರ್ ಬಿರಡೆ ಹಾಕಿಡಿ.