ತಲಕಾವೇರಿ ಏರಿನಲ್ಲಿ ಮೂರು ಗಾಡಿ

ಹಳೆಯ ಗಾಡಿ ಮಾರಿದ ಮೇಲೆ ಮೂರು ಭಾನುವಾರ ಒಂದೇ ದಾರಿಯಲ್ಲಿ ಮೂರು ಗಾಡಿ ಓಡಿಸಿದೆ. ಮಡಿಕೇರಿಯಿಂದ ಭಾಗಮಂಡಲ, ಅಲ್ಲಿಂದ ತಲಕಾವೇರಿಗೆ 8 ಕಿಲೋಮೀಟರ್ ಏರು. ಎರಡು ಗೆಳೆಯರದ್ದು, ಒಂದು ಭಾವನದ್ದು, ಮೂರೂ ಮ್ಯಾನುಯಲ್. ಹಿಂದಿನ ಸೀಟಿನಲ್ಲಿ ಮೂರು ಸಲವೂ ಅಪ್ಪ.

ನಮ್ಮ ಕಡೆ 60 ದಾಟಿಸಲು ಜಾಗವೇ ಕಡಿಮೆ. ತಿರುವಿನಾಚೆಯಿಂದ ಬಸ್ ಬರುತ್ತಿರುತ್ತದೆ, ಒದ್ದೆ ಎಲೆ ರಸ್ತೆಗೆ ಅಂಟಿಕೊಂಡಿರುತ್ತದೆ. ಟಯರ್ ಎಲ್ಲಿ ಹಿಡಿದಿದೆ, ಎಲ್ಲಿ ಜಾರುತ್ತಿದೆ ಅನ್ನುವುದು ಸ್ಟಿಯರಿಂಗ್ ಹಿಡಿದ ಕೈಗೆ ಗೊತ್ತಾಗಬೇಕು. ನನಗೆ ಓಡಿಸುವ ಖುಷಿ ಇರುವುದೇ ಅಲ್ಲಿ.

ಮೊದಲು ಫೋಕ್ಸ್‌ವ್ಯಾಗನ್ ಟೈಗುನ್, 1.5 ಟರ್ಬೊ ಪೆಟ್ರೋಲ್. 150 ಪಿಎಸ್ ಶಕ್ತಿ, 250 ಎನ್‌ಎಂ ಎಳೆತ (ಟಾರ್ಕ್). ಅಂಕಿಗಿಂತ ಮುಖ್ಯ ಅದು ಸಿಗುವ ರೀತಿ: ಎಂಜಿನ್ ನಿಮಿಷಕ್ಕೆ 1600 ಸುತ್ತು (ಆರ್‌ಪಿಎಂ) ಮುಟ್ಟಿದರೆ ಎಳೆತ ಪೂರ್ತಿ. ಏರಿನ ಮಧ್ಯೆ ಒಂದು ಎಡ ತಿರುವು. ಬದಿಯಲ್ಲಿ ಪಾಚಿ, ಮೇಲಿಂದ ಸಣ್ಣಗೆ ಇಳಿಯುವ ನೀರು. ಮೂರನೇ ಗೇರಿನಲ್ಲೇ ನುಗ್ಗಿದೆ. ನೀರಿನ ಮೇಲೆ ಮುಂದಿನ ಚಕ್ರ ಒಂದು ಕ್ಷಣ ಹಗುರಾದದ್ದು ಅಂಗೈಗೆ ತಿಳಿಯಿತು, ಕಾಲು ಸ್ವಲ್ಪ ಎತ್ತಿದೆ, ಗಾಡಿ ತಿರುಗಿಸಿದ ಕಡೆಗೇ ಹೋಯಿತು. ಮೈ ವಾಲಲೇ ಇಲ್ಲ ಅನ್ನಬಹುದು. ಅದಕ್ಕೆ ಬೆಲೆಯೂ ಇದೆ. ಸಸ್ಪೆನ್ಷನ್ ಬಿಗಿ, ನಿಧಾನಕ್ಕೆ ಹೋಗುವಾಗ ಸಣ್ಣ ಗುಂಡಿಯೂ ಬೆನ್ನಿಗೆ ಬರುತ್ತದೆ. "ಗುಂಡಿ ಒಂದೊಂದೂ ಲೆಕ್ಕಕ್ಕೆ ಸಿಗ್ತದೆ ಮಗ" ಅಂದರು ಅಪ್ಪ. ಕುಶಾಲನಗರದ ಕಡೆ ಸಮತಟ್ಟು ರಸ್ತೆಯಲ್ಲಿ ಹಗುರಾಗಿ ಹೋಗುವಾಗ ನಾಲ್ಕರಲ್ಲಿ ಎರಡು ಸಿಲಿಂಡರ್ ತಾವೇ ಸುಮ್ಮನಾಗುತ್ತವೆ, ಪೆಟ್ರೋಲ್ ಉಳಿಯಲಿ ಅಂತ.

ಎರಡನೆಯದು 2024ರಲ್ಲಿ ಬಂದ ಹ್ಯುಂಡೈ ಕ್ರೆಟಾ ಎನ್ ಲೈನ್. 160 ಪಿಎಸ್, 253 ಎನ್‌ಎಂ. ನೇರ ಏರಿನಲ್ಲಿ ಇದೇ ಚುರುಕು. ಇಳಿಯುವಾಗ ಇನ್ನೂ ಇಷ್ಟವಾಯಿತು: ನಾಲ್ಕೂ ಚಕ್ರಕ್ಕೆ ಡಿಸ್ಕ್ ಬ್ರೇಕ್, ಪೆಡಲ್ ಒತ್ತಿದಷ್ಟೇ ಹಿಡಿಯುತ್ತದೆ. ನಾನು ಓಡಿಸಿದ ಟೈಗುನ್‌ಗೆ ಹಿಂದೆ ಡ್ರಮ್. ಎರಡನೇ ಗೇರಿನಲ್ಲಿ ಇಳಿಸುವ ನಮ್ಮವರಿಗೆ ಅದು ಸಾಲುತ್ತದೆ, ಆದರೂ ವ್ಯತ್ಯಾಸ ಕಾಲಿಗೆ ಗೊತ್ತಾಗುತ್ತದೆ. ಅಪ್ಪ ಇದರಲ್ಲಿ ಭಾಗಮಂಡಲದವರೆಗೂ ಆರಾಮಾಗಿ ಮಾತಾಡುತ್ತಾ ಬಂದರು. ನನಗೆ ಮಾತ್ರ ಆ ಎಡ ತಿರುವಿನಲ್ಲಿ ಅದೇ ಸುದ್ದಿ ಕೈಗೆ ಮುಟ್ಟಲಿಲ್ಲ. ನೀರು ದಾಟಿದ್ದು ಕಣ್ಣಿಗೆ ಕಂಡಿತು, ಅಷ್ಟೆ.

ಭಾವನ ಮಾರುತಿ ಗ್ರ್ಯಾಂಡ್ ವಿಟಾರ ಆಲ್‌ಗ್ರಿಪ್ (ನಾಲ್ಕೂ ಚಕ್ರಕ್ಕೆ ಎಂಜಿನ್ ಬಲ ಹೋಗುವಂಥದ್ದು) ಬೇರೆಯೇ ಜಾತಿ. 103 ಪಿಎಸ್, ಟರ್ಬೊ ಇಲ್ಲ. ಏರಿನಲ್ಲಿ ಗೇರ್ ಇಳಿಸುತ್ತಲೇ ಇರಬೇಕು. ಆದರೆ ಮಳೆ ಬಿದ್ದ ಮಾರನೇ ದಿನ ತೋಟದ ಮಣ್ಣು ದಾರಿಯಲ್ಲಿ, ಕೆಲಸಗಾರರ ಲೈನ್ ಮನೆಗಳ ಹಿಂದಿನ ಏರನ್ನು ಲಾಕ್ ಮೋಡಿನಲ್ಲಿ ನಾಲ್ಕು ಚಕ್ರವೂ ಎಳೆದು ಸಲೀಸಾಗಿ ಹತ್ತಿತು. ಮಿಕ್ಕೆರಡನ್ನು ಆ ದಾರಿಗೆ ನಾನು ಇಳಿಸಲೇ ಇಲ್ಲ. ಮನೆಗೆ ಹೋಗುವ ದಾರಿ ಇನ್ನೂ ಮಣ್ಣಿನದಾಗಿದ್ದರೆ ಮಿಕ್ಕದ್ದೆಲ್ಲ ಬಿಟ್ಟು ಇದನ್ನೇ ತೆಗೆದುಕೊಳ್ಳಿ.

ನಮ್ಮ ಮನೆಯ ಗೇಟಿನವರೆಗೆ ಕಾಂಕ್ರೀಟ್ ಆಗಿದೆ. ಟೈಗುನ್ ತೆಗೆದುಕೊಂಡೆ. ಅಪ್ಪ ಈಗ ಮುಂದಿನ ಸೀಟಿಗೆ ಬಂದಿದ್ದಾರೆ, ಅಲ್ಲಿ ಕುಲುಕಾಟ ಕಡಿಮೆಯಂತೆ.