ಕುವೆಂಪುನಗರದ ಮಹಡಿ ಮೇಲಿನ ಡ್ರಮ್ಸ್ ಕ್ಲಾಸ್: ಆಕ್ಸೆಂಟ್ ಕಲಿಯಬೇಕು ಅನ್ನುವವರಿಗೆ

ಮೊದಲೇ ಹೇಳಿಬಿಡುತ್ತೇನೆ. ಒಂದು ತಿಂಗಳಲ್ಲಿ ನಾಲ್ಕು ಹಾಡು ಬಾರಿಸಿ ಸ್ಟೇಟಸ್ ಹಾಕಬೇಕು ಅನ್ನುವವರಿಗೆ ಈ ಕ್ಲಾಸ್ ಸರಿಹೋಗುವುದಿಲ್ಲ. ಇಲ್ಲಿ ಶುರುವಿನಲ್ಲಿ ಡ್ರಮ್ಸ್ ಮುಟ್ಟಲೂ ಬಿಡುವುದಿಲ್ಲ. ಸ್ಟ್ಯಾಂಡ್ ಮೇಲೆ ಒಂದು ರಬ್ಬರ್ ಪ್ಯಾಡ್, ಕೈಯಲ್ಲಿ ಒಂದು ಜೊತೆ ಮಧ್ಯಮ ದಪ್ಪದ 5ಎ ಸ್ಟಿಕ್, ಪಕ್ಕದಲ್ಲಿ ಟಿಕ್ ಟಿಕ್ ಅನ್ನುತ್ತಾ ಲಯ ತೋರಿಸುವ ಮೆಟ್ರೋನೋಮ್. ಅಷ್ಟೇ.

ಮೈಸೂರಿನ ಕುವೆಂಪುನಗರದಲ್ಲಿ ಒಂದು ಮನೆಯ ಮಹಡಿ ಮೇಲೆ ನಡೆಯುವ ಕ್ಲಾಸ್ ಇದು. ಹೇಳಿಕೊಡುವವರು ಒಬ್ಬರೇ. ಮೊದಲು ಆರ್ಕೆಸ್ಟ್ರಾಗಳಲ್ಲಿ ಬಾರಿಸುತ್ತಿದ್ದರು. "ಬರೀರಿ ಮೇಡಂ, ಆದ್ರೆ ನನ್ನ ಹೆಸರು ಬೇಡ, ಇರೋ ಹುಡುಗರನ್ನ ಸಂಭಾಳಿಸೋದೇ ಕಷ್ಟ" ಅಂದಿದ್ದಾರೆ. ಹಾಗಾಗಿ ಇಲ್ಲಿ ಬರೀ 'ಸರ್'. ನಾನು ಸೇರಿದ್ದು ಮಗನ ದೆಸೆಯಿಂದ. ಅವನನ್ನು ಬಿಡಲು ಹೋಗಿ ಬಾಗಿಲ ಬಳಿ ಕಾಯುತ್ತಾ ಕೂರುತ್ತಿದ್ದೆ. ಅವನು ಕ್ರಿಕೆಟ್ ಕೋಚಿಂಗಿಗೆ ಹಾರಿದ. ಫೀಸು ಕಟ್ಟಿಯಾಗಿತ್ತು, ನಾನು ಕೂತೆ.

ಮಗನನ್ನು ಇದಕ್ಕೂ ಮೊದಲು ಬೇರೊಂದು ಕಡೆ ಹಾಕಿದ್ದೆವು. ಅಲ್ಲಿ ಮೊದಲ ದಿನವೇ ಕಿಟ್, ಅಂದರೆ ಪೂರ್ತಿ ಡ್ರಮ್ಸ್ ಸೆಟ್, ಮುಂದೆ ಕೂರಿಸಿ ಬೀಟ್ ಹೇಳಿಕೊಟ್ಟರು. ಮಕ್ಕಳಿಗೆ ಖುಷಿ, ಅಪ್ಪ ಅಮ್ಮಂದಿರಿಗೂ ವಿಡಿಯೋ ಸಿಗುತ್ತದೆ. ಆದರೆ ಎಲ್ಲ ಪೆಟ್ಟೂ ಒಂದೇ ಸಮ. ಮೆಟ್ರೋನೋಮ್ ಅನ್ನುವುದನ್ನು ಅಲ್ಲಿ ಯಾರೂ ಆನ್ ಮಾಡಿದ್ದು ನಾನು ನೋಡಲಿಲ್ಲ.

ಈ ಸರ್ ಶುರು ಮಾಡುವುದೇ ಬೇರೆ ಕಡೆಯಿಂದ. ಆಕ್ಸೆಂಟ್, ಅಂದರೆ ಉಳಿದವುಗಳ ನಡುವೆ ಎದ್ದು ಕೇಳಿಸಬೇಕಾದ ಪೆಟ್ಟು, ಬರೀ ಜೋರು ಪೆಟ್ಟು ಅಂತ ನಾವೆಲ್ಲ ಅಂದುಕೊಂಡಿರುತ್ತೇವೆ, ಅಲ್ವಾ? ಅವರು ಜೋರು ಪೆಟ್ಟಿನ ಬಗ್ಗೆ ಮಾತೇ ಎತ್ತುವುದಿಲ್ಲ. ತಮ್ಮ ಸ್ಟಿಕ್ಕನ್ನು ನಮ್ಮ ಪ್ಯಾಡಿನ ಮೇಲೆ ಮೂರು ಬೆರಳು ಎತ್ತರದಲ್ಲಿ ಅಡ್ಡ ಹಿಡಿಯುತ್ತಾರೆ. ಸಣ್ಣ ಪೆಟ್ಟುಗಳೆಲ್ಲ ಅದರ ಕೆಳಗೇ ಆಗಬೇಕು. ಸ್ಟಿಕ್ ಮೇಲೆದ್ದರೆ 'ಟಕ್' ಅಂತ ಅವರ ಸ್ಟಿಕ್ಕಿಗೆ ತಾಗುತ್ತದೆ. ಯಾರೂ ಬಯ್ಯಬೇಕಿಲ್ಲ, ಆ ಟಕ್ ಸಾಕು. ಸಣ್ಣ ಪೆಟ್ಟು ತಗ್ಗಿನಲ್ಲಿ ನಿಂತಿತು ಅಂದರೆ, ಒಂದು ಗೇಣು ಎತ್ತರದಿಂದ ಸುಮ್ನೆ ಬಿದ್ದ ಪೆಟ್ಟೂ ಆಕ್ಸೆಂಟ್ ಆಗಿ ಕೇಳಿಸುತ್ತದೆ. ಭುಜದ ಬಲ ಹಾಕುವ ಅಗತ್ಯವೇ ಬರುವುದಿಲ್ಲ.

ಆಮೇಲೆ ನಾಲ್ಕು ಪೆಟ್ಟುಗಳ ಪಾಠ. ಫುಲ್ ಅಂದರೆ ಮೇಲಿಂದ ಬಿದ್ದು ಮತ್ತೆ ಮೇಲಕ್ಕೇ ಹೋಗುವುದು. ಡೌನ್ ಅಂದರೆ ಮೇಲಿಂದ ಬಿದ್ದು ಕೆಳಗೇ ನಿಲ್ಲುವುದು. ಟ್ಯಾಪ್ ಕೆಳಗೇ ಶುರು, ಕೆಳಗೇ ಮುಕ್ತಾಯ. ಅಪ್ ಅಂದರೆ ಕೆಳಗೆ ಸಣ್ಣಗೆ ತಟ್ಟಿ, ಮುಂದಿನ ದೊಡ್ಡ ಪೆಟ್ಟಿಗಾಗಿ ಮೇಲೇಳುವುದು. ಎಲ್ಲ ಡ್ರಮ್ಸ್ ಕ್ಲಾಸಿನಲ್ಲೂ ಈ ನಾಲ್ಕು ಹೆಸರು ಸಿಗಬಹುದು. ಇಲ್ಲಿನ ವಿಶೇಷ ಏನೆಂದರೆ, ಸರ್ ಇದನ್ನು ಟೈಮಿಂಗಿಗೆ ಗಂಟು ಹಾಕುತ್ತಾರೆ. ಎತ್ತರದಿಂದ ಬರುವ ಸ್ಟಿಕ್ಕಿಗೆ ದಾರಿ ಜಾಸ್ತಿ. ಅದು ಹೊತ್ತಿಗೆ ಸರಿಯಾಗಿ ಬೀಳಬೇಕಾದರೆ ಮೊದಲೇ ಮೇಲಿರಬೇಕು. ಆಕ್ಸೆಂಟಿನ ಹೊತ್ತಿಗೆ ಎತ್ತಲು ಹೋದರೆ ಪೆಟ್ಟು ತಡವಾಗುತ್ತದೆ. ತಡವಾಯಿತು ಅಂತ ಕೈಗೆ ಗೊತ್ತಾಗುತ್ತದೆ, ಮುಂದಿನ ಎರಡು ಪೆಟ್ಟು ಓಡುತ್ತವೆ. ಮೆಟ್ರೋನೋಮ್ 60ರಲ್ಲಿದ್ದರೆ, ಅಂದರೆ ನಿಮಿಷಕ್ಕೆ 60 ಟಿಕ್, ಒಂದು ಟಿಕ್ಕಿಗೆ ನಾಲ್ಕು ಪೆಟ್ಟು, ಅಂದರೆ ಒಂದೊಂದಕ್ಕೂ ಕಾಲು ಸೆಕೆಂಡ್. ನಿಧಾನ ಅನ್ನಿಸುತ್ತದೆ. ಬಾರಿಸಲು ಕೂತಾಗಲೇ ಅದು ಎಷ್ಟು ಉದ್ದ, ಅದರೊಳಗೆ ಎಷ್ಟು ಕೆಡಿಸಬಹುದು ಅಂತ ಗೊತ್ತಾಗುವುದು.

ಪ್ಯಾರಾಡಿಡಲ್ ಅನ್ನುವ ಕೈ ಅಭ್ಯಾಸ ಬಂದಾಗ ಈ ಪಾಠ ಪೂರ್ತಿ ಕೂರುತ್ತದೆ. ಬಲ ಎಡ ಬಲ ಬಲ, ಎಡ ಬಲ ಎಡ ಎಡ. ಪ್ರತಿ ನಾಲ್ಕರ ಮೊದಲನೆಯದು ಆಕ್ಸೆಂಟ್. ಸರ್ ಒಂದು ಕೈಯನ್ನು ಬೆನ್ನ ಹಿಂದೆ ಕಟ್ಟಿಸಿ, ಉಳಿದ ಕೈಯ ಪಾಲನ್ನು ಮಾತ್ರ ಬಾರಿಸಿಸುತ್ತಾರೆ. ಆಗ ಕಾಣುತ್ತದೆ: ಒಂದೊಂದು ಕೈಯೂ ಮಾಡುತ್ತಿರುವುದು ಡೌನ್, ಟ್ಯಾಪ್, ಟ್ಯಾಪ್, ಅಪ್. ಮತ್ತೆ ಅದೇ. ಎರಡೂ ಕೈಗೆ ಒಂದೇ ಪಾಠ, ಶುರುವಾಗುವ ಜಾಗ ಮಾತ್ರ ಬೇರೆ. ಇಂಟರ್ನೆಟ್ಟಿನಲ್ಲಿ ಎಷ್ಟೋ ವಿಡಿಯೋ ನೋಡಿದ್ದೆ, ಇಷ್ಟು ಬಿಡಿಸಿ ತೋರಿಸಿದವರು ನನಗೆ ಸಿಕ್ಕಿರಲಿಲ್ಲ.

ನನಗೆ ತುಂಬಾ ಹಿಡಿಸಿದ್ದು ಬಾಯಿಪಾಠ. ಮೃದಂಗದವರ ಮನೆಯಲ್ಲಿ ಬೆಳೆದವರಿಗೆ ಇದು ಹೊಸದಲ್ಲ. ಕೊನ್ನಕ್ಕೋಲ್, ಅಂದರೆ ಬಾಯಲ್ಲಿ ಹೇಳುವ ತಾಳದ ಸೊಲ್ಲುಗಳು, ಹೇಳಿಸುತ್ತಾರೆ, ಅದೂ ಡ್ರಮ್ಸ್ ಕ್ಲಾಸಿನಲ್ಲಿ. ತಕಿಟ ತಕಿಟ ತಕಿಟ ತಕಿಟ ತಕಧಿಮಿ. ನಾಲ್ಕು ಮೂರು ಹನ್ನೆರಡು, ಮೇಲೊಂದು ನಾಲ್ಕು, ಒಟ್ಟು ಹದಿನಾರು. ನಾಲ್ಕು ಬೀಟಿನ ಒಂದು ಬಾರ್, ಅಂದರೆ ಒಂದು ಸುತ್ತು, ಭರ್ತಿ. ಪ್ರತಿ 'ತ' ಮೇಲೆ ಆಕ್ಸೆಂಟ್ ಹಾಕಿ ಬಲ, ಎಡ ಅಂತ ಬಾರಿಸುತ್ತಾ ಹೋದರೆ, ಆಕ್ಸೆಂಟ್ ಒಮ್ಮೆ ಬಲಗೈಗೆ, ಒಮ್ಮೆ ಎಡಗೈಗೆ ಬೀಳುತ್ತದೆ. ಎಡಗೈ ಸೋಮಾರಿ ಅನ್ನುವುದು ಅಲ್ಲೇ ಬಯಲು. ಕಾಲು ಮಾತ್ರ ನಾಲ್ಕರ ಲೆಕ್ಕದಲ್ಲೇ ತಾಳ ಹಾಕುತ್ತಿರಬೇಕು. ಬಾಯಲ್ಲಿ ಹೇಳಲು ಬಾರದ್ದನ್ನು ಕೈಯಲ್ಲಿ ಬಾರಿಸಲು ಅವರು ಬಿಡುವುದಿಲ್ಲ. ಪಕ್ಕದ ಮನೆಯ ಅಜ್ಜಿ "ಇದೇನು ಸಂಗೀತ ಪಾಠವಾ, ಡ್ರಮ್ಮಿನದಾ?" ಅಂತ ಒಮ್ಮೆ ಕೇಳಿಯೂ ಕೇಳಿದರು.

ಟಿಕ್ಕನ್ನೂ ಮೆಲ್ಲಗೆ ಕಿತ್ತುಕೊಳ್ಳುತ್ತಾರೆ. ಮೊದಲು ಪ್ರತಿ ಬೀಟಿಗೆ. ಆಮೇಲೆ ಎರಡು ಮತ್ತು ನಾಲ್ಕಕ್ಕೆ ಮಾತ್ರ. ಆಮೇಲೆ ಒಂದು ಬಾರ್‌ಗೆ ಒಂದೇ ಸಲ. ನಡುವೆ ಮೌನ, ನಾವೇ ನಡೆಸಿಕೊಂಡು ಹೋಗಬೇಕು. ಮುಂದಿನ ಟಿಕ್ ನಮ್ಮ ಪೆಟ್ಟಿನೊಳಗೆ ಮುಳುಗಿ ಕೇಳದೇ ಹೋದರೆ ಸರಿ ಇದ್ದೇವೆ ಅಂತ ಅರ್ಥ. ಮನೆಗೆ ಹೋಮ್‌ವರ್ಕ್ ಅಂದರೆ ಫೋನಿನಲ್ಲಿ ರೆಕಾರ್ಡ್ ಮಾಡಿ ಕಳಿಸುವುದು. ರೆಕಾರ್ಡರಿನ ಅಲೆ ನೋಡಿದರೆ ಆಕ್ಸೆಂಟ್‌ಗಳು ಬೇಲಿಯ ಗೂಟಗಳ ಹಾಗೆ ಸಮ ದೂರದಲ್ಲಿ ಎದ್ದು ನಿಂತಿರಬೇಕು, ನಡುವಿನದ್ದೆಲ್ಲ ತಗ್ಗು. ಕಿವಿಗೆ ಸರಿ ಅನ್ನಿಸಿದ್ದು ಅಲ್ಲಿ ಸಿಕ್ಕಿಬೀಳುತ್ತದೆ.

ಇನ್ನು ತಕರಾರು. ಪ್ಯಾಡಿನ ಮೇಲೆ ಇಷ್ಟು ದಿನ ಕಳೆಯುವುದು ಸರಿಯಲ್ಲ ಅನ್ನುವುದು ನನ್ನ ಅಭಿಪ್ರಾಯ. ರಬ್ಬರ್ ಪ್ಯಾಡ್ ಸ್ಟಿಕ್ಕನ್ನು ಚೆನ್ನಾಗಿ ಪುಟಿಸುತ್ತದೆ, ಹಾಗಾಗಿ ಅಪ್ ಸ್ಟ್ರೋಕಿಗೆ ಪುಕ್ಕಟೆ ಸಹಾಯ ಸಿಗುತ್ತದೆ. ಜೋರು ಮತ್ತು ಮೆಲುವಿನ ಅಂತರವೂ ಪ್ಯಾಡಿನ ಮೇಲೆ ಕಮ್ಮಿಯೇ ಕೇಳುತ್ತದೆ. ತಳದಲ್ಲಿ ತಂತಿಗಳಿರುವ ಸ್ನೇರ್ ಡ್ರಮ್ ಮುಂದೆ ಕೂತ ದಿನ ಎಲ್ಲ ಬೇರೆಯೇ. ಅದರ ಮೇಲೆ ಸಣ್ಣ ಪೆಟ್ಟು ಕೂಡ ತಂತಿಗಳನ್ನು ಝರ್ ಅನ್ನಿಸುತ್ತದೆ. ನೆಲದ ಮೇಲೆ ನಿಲ್ಲುವ ದೊಡ್ಡ ಡ್ರಮ್ ಫ್ಲೋರ್ ಟಾಮ್ ಅಂತೂ ಸ್ಟಿಕ್ಕನ್ನು ನುಂಗಿಕೊಂಡ ಹಾಗೆ, ವಾಪಸ್ ಪುಟಿಯುವುದೇ ಇಲ್ಲ. ಎರಡನೇ ವಾರದಿಂದಲೇ ಕೊನೆಯ ಹತ್ತು ನಿಮಿಷ ಕಿಟ್ ಕೊಟ್ಟರೆ ಚೆನ್ನ. ಹೇಳಿದೆ, ನಕ್ಕರು, ಬದಲಾಗಿಲ್ಲ. ಮನೆಯಲ್ಲಿ ನಾನು ದಿಂಬಿನ ಮೇಲೂ ಬಾರಿಸುತ್ತೇನೆ. ಪುಟಿತ ಇಲ್ಲದ ಕಡೆ ಮಣಿಕಟ್ಟು ತಾನೇ ಕೆಲಸ ಮಾಡಬೇಕಾಗುತ್ತದೆ, ಮಗನ ಓದಿಗೂ ತೊಂದರೆ ಇಲ್ಲ.

ಕೋಣೆ ಚಿಕ್ಕದು, ಒಂದು ಫ್ಯಾನು, ಗೋಡೆಗೆಲ್ಲ ಮೊಟ್ಟೆ ಟ್ರೇ ಅಂಟಿಸಿದ್ದಾರೆ. ಅದರಿಂದ ಸದ್ದು ಹೊರಗೆ ಹೋಗುವುದೇನೂ ನಿಂತಿಲ್ಲ, ಅದಕ್ಕೇ ರಾತ್ರಿ ಎಂಟರ ಮೇಲೆ ಕ್ಲಾಸ್ ಇಲ್ಲ. ಕಾರು ನಿಲ್ಲಿಸಲು ಜಾಗವಿಲ್ಲ, ಸ್ಕೂಟರಿನಲ್ಲಿ ಹೋಗಿ. ಟ್ರಿನಿಟಿ, ರಾಕ್‌ಸ್ಕೂಲ್ ಗ್ರೇಡ್ ಪರೀಕ್ಷೆಗೆ ಕಟ್ಟುವವರಿಗೆ ಬೇರೆ ಬ್ಯಾಚ್ ಇದೆ. ಪರೀಕ್ಷೆ ಹತ್ತಿರ ಬಂದಾಗ ಸರ್ ಗಮನವೆಲ್ಲ ಆ ಕಡೆ ಹೋಗುತ್ತದೆ, ನಮ್ಮಂಥವರಿಗೆ "ನಿನ್ನೆಯದ್ದೇ ಬಾರಿಸ್ತಾ ಇರಿ" ಅನ್ನುವ ಮಾತಷ್ಟೇ ಸಿಗುತ್ತದೆ. ಫೀಸು ತಿಂಗಳಿಗೆ 1,800 ರೂಪಾಯಿ, ವಾರಕ್ಕೆ ಎರಡು ಕ್ಲಾಸ್. ತಪ್ಪಿಸಿದ ಕ್ಲಾಸಿಗೆ ಬದಲಿ ಕೊಡುವುದಿಲ್ಲ. ಸ್ಟಿಕ್ ನಾವೇ ತರಬೇಕು. ತರುವಾಗ ಅಂಗಡಿಯ ಗಾಜಿನ ಮೇಲೆ ಉರುಳಿಸಿ ನೋಡಿ, ಸೊಟ್ಟ ಇದ್ದರೆ ಅಲ್ಲೇ ಕುಣಿಯುತ್ತದೆ.

ಆದರೂ ಐದರಲ್ಲಿ ನಾಲ್ಕು ಕೊಡುತ್ತೇನೆ. ವಯಸ್ಸಾದವರನ್ನು ಮಕ್ಕಳ ಬ್ಯಾಚಿನಲ್ಲೇ ಕೂರಿಸುತ್ತಾರೆ, ಯಾರೂ ನಗುವುದಿಲ್ಲ. ನನ್ನ ಪಕ್ಕದ ಏಳನೇ ಕ್ಲಾಸಿನ ಹುಡುಗಿ "ಆಂಟಿ, ನಿಮ್ಮ ಎಡಗೈ ಓಡ್ತಾ ಇದೆ" ಅಂತ ನೇರವಾಗಿಯೇ ಹೇಳುತ್ತಾಳೆ. ಎಡಗೈಯವರಾದರೆ ಸೇರುವಾಗಲೇ ತಿಳಿಸಿ. ಕಿಟ್ ತಿರುಗಿಸಿ ಇಡಲು ಸರ್ ಒಪ್ಪುತ್ತಾರೆ, ಆದರೆ ಸಂಜೆಯ ಕೊನೇ ಬ್ಯಾಚೇ ಸಿಗುವುದು.